ಮೂರು ಓರೆಗೆರೆಗಳ ನಡುವಿನ ಹೂವು

ಪುಟಮನೆ, ಗುಡ್ಡದ ಕೆಳಗಿನ ಓಣಿ
ನಡುಬಿಸಿಲು ತಿಂಗಳ ಮೂವತ್ತೆರಡನೆಯ ದಿನ, ಇಸವಿ ೨೫೪೧

ವಿಶಾಲಾಕ್ಷಿ ಅವರಿಗೆ ತೋಟವ್ವ ಪುಟಮನಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು ಸಾಕಾಗುತ್ತಿತ್ತೆಂದು ಓದಿದ್ದೇನೆ. ನಮ್ಮ ಬೇಸಿಗೆ ಅಷ್ಟರಲ್ಲಿ ಹಿಡಿಯುವುದಿಲ್ಲ. ಹಿರಿಯರು ಉಳಿದ ತಿಂಗಳುಗಳಿಂದ ಒಂದಷ್ಟು ದಿನ ಕಡಿದು, ಏಪ್ರಿಲ್ ಮತ್ತು ಮೇ ನಡುವೆ ನಡುಬಿಸಿಲು ಎಂಬ ಹದಿಮೂರನೆಯ ತಿಂಗಳನ್ನು ಕೂರಿಸಿದರು. ಹೀಗೆಯೇ ನನ್ನ ಮಾತುಗಳಲ್ಲಿಯೂ ಕೆಲವು ನಿಮ್ಮ ಕಾಲದಲ್ಲಿ ಹುಟ್ಟಿರಲಿಲ್ಲ, ಕೆಲವು ನಿಮಗೆ ಬೇರೇನನ್ನೋ ಹೇಳುತ್ತಿದ್ದವು. ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ಕಳಿಸುವವರಿಗೆ ಗೊತ್ತಿದೆಯಂತೆ. ಅವರು ಎರಡು ಸಲ ವಿವರಿಸಿದರು, ನಾನು ಎರಡು ಸಲವೂ ತಲೆಯಾಡಿಸಿ ಮನೆಗೆ ಬಂದೆ.

ನಿಮ್ಮ ಕಡತ ನಮಗೆ ಸಿಕ್ಕಿದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಅದರ ಹೆಸರು ‘ಖಣ ಫೈನಲ್ ಇದೇ ಫೈನಲ್’. ನಿಮ್ಮ ಕಾಲದ ಅರ್ಧಕ್ಕರ್ಧ ಕಡತಗಳ ಹೆಸರಿನಲ್ಲಿ ಈ ಫೈನಲ್ ಇರುವುದನ್ನು ಕಂಡು, ಅದು ನೀವೆಲ್ಲ ಹರಕೆ ಹೊತ್ತು ನಡೆದುಕೊಳ್ಳುತ್ತಿದ್ದ ಯಾವುದೋ ದೇವರೆಂದು ನಮ್ಮ ಹಿರಿಯರು ಬಹಳ ದಿನ ನಂಬಿದ್ದರು. ಕಡತದ ಮೊದಲಿಗೆ ನೀವು ಬರೆದಿದ್ದೀರಿ: ‘ಅತ್ತೆ ಬಾಳವ್ವ ಮಗ್ಗದಲ್ಲಿ ಕೂತು ಹೇಳಿದ್ದು, ನಾನು ಪಕ್ಕದಲ್ಲಿ ಕೂತು ಟೈಪ್ ಮಾಡಿದ್ದು. ತೊಟ್ಟಿಲಹೂವಿನ ಖಣ. ನಕ್ಷತ್ರ ಇದ್ದಲ್ಲಿ ಎಳೆ ಮೇಲೇಳಬೇಕು, ಖಾಲಿ ಇದ್ದಲ್ಲಿ ಕೆಳಗೇ ಇರಬೇಕು.’ ಅದರ ಕೆಳಗೆ ನಕ್ಷತ್ರದ ಗುರುತುಗಳ ಸಾಲು ಸಾಲು. ಕುಪ್ಪಸದ ಒಂದು ತುಂಡು ಬಟ್ಟೆಯ ನೇಯ್ಗೆಯನ್ನು ಕೀಲಿಮಣೆಯ ಮೇಲೆ ಇಳಿಸಿದ್ದೀರಿ. ಆ ಹೊತ್ತಿಗೆ ಯಾರಾದರೂ ನಿಮ್ಮನ್ನು ನೋಡಿ, ಬೇರೆ ಕೆಲಸವಿಲ್ಲವೇ ಎಂದು ನಕ್ಕಿರಬಹುದು. ನಕ್ಕವರ ಒಂದು ಸಾಲೂ ನಮ್ಮವರೆಗೆ ಬಂದಿಲ್ಲ, ನಿಮ್ಮದು ಬಂದಿದೆ.

ನಾನು ಯಾರು ಎಂದು ಹೇಳಬೇಕಲ್ಲ. ಈ ಊರಿನ ಪುಟಮನೆಗೆ ನಾನು ಯಜಮಾನಿ. ಹಳೆಯ ಬರಹಗಳನ್ನು ಅಚ್ಚಿಗೆ ಹೋಗುವ ಪುಟಗಳಾಗಿ ಕಟ್ಟುವ ಮನೆಗೆ ಪುಟಮನೆ ಎನ್ನುತ್ತೇವೆ. ನಿಮ್ಮ ಕಾಲದ ಬರಹಗಳು ಎರಡು ಬಗೆಯಲ್ಲಿ ಬರುತ್ತವೆ. ಒಂದು, ಅಲಂಕಾರದ ಕಡತಗಳು. ಅವನ್ನು ತೆರೆಯಲು ಅವುಗಳದೇ ಯಂತ್ರ ಬೇಕು, ಆ ಯಂತ್ರಕ್ಕೆ ಯಾವುದೋ ಅಂಗಡಿಯ ಒಪ್ಪಿಗೆ ಬೇಕು, ಆ ಅಂಗಡಿ ಮುಚ್ಚಿ ನೂರಾರು ವರ್ಷಗಳಾದವು. ಅಂಥವು ನಮ್ಮ ಹಿತ್ತಿಲ ಕೋಣೆಯಲ್ಲಿ ಕೀಲಿಕೈ ಕಳೆದ ಟ್ರಂಕುಗಳ ಹಾಗೆ ಬಿದ್ದಿವೆ. ಇನ್ನೊಂದು, ನಿಮ್ಮಂಥವರು ಬರೆದ ಬರಿಬರಹ. ಅದರಲ್ಲಿ ಅಕ್ಷರಗಳಿವೆ, ಅಕ್ಷರಗಳ ನಡುವೆ ಕೆಲವು ಬಡ ಗುರುತುಗಳಿವೆ, ಮತ್ತೇನೂ ಇಲ್ಲ. ತಲೆಬರಹವಾದರೆ ಸಾಲಿನ ಮೊದಲಿಗೆ ಎರಡು ಅಡ್ಡ ಎರಡು ಉದ್ದ ಗೆರೆಗಳ ಒಂದು ಜಾಲರಿ, ಒತ್ತಿ ಹೇಳುವ ಮಾತಿನ ಎರಡೂ ಬದಿಗೆ ನಕ್ಷತ್ರ, ಪಟ್ಟಿಯಾದರೆ ಒಂದು ಅಡ್ಡಗೆರೆ. ಯಾವ ಯಂತ್ರ ಸತ್ತರೂ ಅದನ್ನು ಓದಬಹುದು. ಐನೂರು ವರ್ಷ ದಾಟಿ ಬಂದದ್ದು ಅದೊಂದೇ.

ಅದನ್ನು ನಾವು ಕಟ್ಟುಪುಟವಾಗಿಸುತ್ತೇವೆ. ಎಲ್ಲಿ ತೆರೆದರೂ, ಯಾವ ಯಂತ್ರದಲ್ಲಿ ಅಚ್ಚು ಹಾಕಿದರೂ ಒಂದು ಕೂದಲೆಳೆಯಷ್ಟೂ ಕದಲದ ಪುಟಕ್ಕೆ ಆ ಹೆಸರು. ನೀವು ಪಿಡಿಎಫ್ ಎನ್ನುತ್ತಿದ್ದಿರಿ. ಹೇಳಿದಷ್ಟು ಹಗುರವಾದ ಕೆಲಸವಲ್ಲ ಇದು. ಅಕ್ಷರಗಳ ಅಚ್ಚನ್ನು ಪುಟದೊಳಗೇ ಹುದುಗಿಸಬೇಕು, ಇಲ್ಲವಾದರೆ ಪಕ್ಕದ ಊರಿಗೆ ಹೋಗುವಷ್ಟರಲ್ಲಿ ಒತ್ತಕ್ಷರಗಳು ಕಳಚಿ ಬೇರೆ ನಿಂತಿರುತ್ತವೆ. ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದರೆ ಅದರ ಕಾಲು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಂತೆ ಜಾಗ ಬಿಡಬೇಕು. ಹೊಲಿಗೆ ಬೀಳುವ ಬದಿಗೆ ಅಂಚು ಹೆಚ್ಚಿಡಬೇಕು, ಬಣ್ಣ ಅಂಚಿನವರೆಗೆ ಹೋಗುವುದಿದ್ದರೆ ಕತ್ತರಿ ತಿನ್ನುವಷ್ಟು ಆಚೆಗೂ ಹರಿಸಬೇಕು. ಪ್ಯಾರಾದ ಕೊನೆಯ ಸಾಲೊಂದು ಮುಂದಿನ ಪುಟದ ತಲೆಯ ಮೇಲೆ ಒಂಟಿಯಾಗಿ ಕೂತರೆ ನಮ್ಮಲ್ಲಿ ಅಂದು ಯಾರೂ ಊಟಕ್ಕೆ ಏಳುವುದಿಲ್ಲ. ತೋರುಹಲಗೆಗಳು, ಅಂದರೆ ನಿಮ್ಮ ಪರದೆಗಳು, ಈ ಸೆಕೆಯಲ್ಲಿ ವರ್ಷದ ಅರ್ಧ ಕಾಲ ಕಣ್ಣು ಮುಚ್ಚಿಯೇ ಇರುತ್ತವೆ. ಆದ್ದರಿಂದ ಮನೆಮನೆಯಲ್ಲಿ ಓದುವುದು ಕಾಗದವನ್ನೇ. ಬಾಣಂತಿಯ ಪಥ್ಯವಿರಲಿ, ಪಂಪು ಬಿಚ್ಚಿ ಜೋಡಿಸುವ ಕ್ರಮವಿರಲಿ, ನಮ್ಮ ಪುಟ ಅಂದರೆ ಜನ ಎರಡನೆಯ ಸಲ ನೋಡುವುದಿಲ್ಲ. ಹೆಮ್ಮೆ ಪಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಬಾಗಿಲ ಮೇಲೆ ಒಂದು ಲಾಂಛನ ಕೆತ್ತಿದೆ: ಓರೆಯಾಗಿ ನಿಂತ ಮೂರು ಎಸಳು. ನಿಮ್ಮ ಬರಿಬರಹಗಳಲ್ಲಿ ಅಲ್ಲಲ್ಲಿ ಮೂರು ಪುಟ್ಟ ಓರೆಗೆರೆಗಳು ಒಟ್ಟಿಗೆ ಬರುತ್ತವಲ್ಲ, ನಿಮ್ಮ ಕೀಲಿಮಣೆಯ ಎಡಗಡೆಯ ಮೇಲ್ಮೂಲೆಯಲ್ಲಿದ್ದ ಗೆರೆ, ಅದೇ ಇದು. ಅವನ್ನು ನೀವು ಅಂದಕ್ಕಾಗಿ ಹಾಕುತ್ತಿದ್ದಿರಿ ಎಂದು ನಮ್ಮ ಹಿರಿಯರು ತಿಳಿದರು. ಅವು ಬಂದಲ್ಲೆಲ್ಲ ಪುಟದ ನಟ್ಟನಡುವೆ ಮೂರೆಸಳಿನ ಚಿತ್ತಾರ ಕೂರಿಸುವುದು ನಮ್ಮ ಮನೆಯ ಸಂಪ್ರದಾಯವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದೇ ಆ ಚಿತ್ತಾರವನ್ನು. ನಾನೂ ಹಾಗೆಯೇ ಕಲಿತೆ, ಹಾಗೆಯೇ ಕಲಿಸಿದೆ. ಇನ್ನೊಂದು ಸಂಪ್ರದಾಯ ಗುಡಿಸುವುದು. ಬರಿಬರಹ ಬಂದ ಕೂಡಲೇ ಮೂಲಪ್ರತಿಯೊಂದನ್ನು ಬಂದ ಹಾಗೆ ತೆಗೆದಿಟ್ಟು, ಉಳಿದದ್ದನ್ನು ಗುಡಿಸುಗನಿಗೆ ಕೊಡುತ್ತೇವೆ. ಗುಡಿಸುಗ ಅಂದರೆ ಮನುಷ್ಯನಲ್ಲ, ಒಂದು ಯಂತ್ರ. ಎರಡು ಮೂರು ಖಾಲಿ ಜಾಗಗಳು ಒಟ್ಟಿಗೆ ಬಿದ್ದಿದ್ದರೆ ಅವನ್ನು ಒಂದೇ ಮಾಡಿ, ಸಾಲುಗಳನ್ನು ಎರಡೂ ಅಂಚಿಗೆ ನೇರವಾಗಿ ಎಳೆದು ಕೊಡುತ್ತದೆ. ಗುಡಿಸದ ಬರಹವನ್ನು ಕಣ್ಣಿನಿಂದ ನೋಡುವುದು ನಮ್ಮಲ್ಲಿ ಕಸದ ಮೊರ ನೋಡಿದಂತೆ. ಯಾರೂ ನೋಡುತ್ತಿರಲಿಲ್ಲ.

ಇನ್ನು ಫಕೀರವ್ವನ ಮಾತು. ಪೂರ್ತಿ ಹೆಸರು ಫಕೀರವ್ವ ಮಗ್ಗದ. ನಮ್ಮ ಓಣಿಯವಳೇ, ನನ್ನ ವಾರಿಗೆಯವಳು, ಜಂಬದಲ್ಲಿ ನನಗಿಂತ ಒಂದು ಕೈ ಮುಂದೆ. ಹೂ ಎತ್ತುವ ಕೈಮಗ್ಗ ಈ ಸೀಮೆಯಲ್ಲಿ ಉಳಿದಿರುವುದು ಅವಳದೊಂದೇ. ಉಳಿದವರೆಲ್ಲ ನೇಯುವುದು ನೆರಳುಬಟ್ಟೆ. ಓಣಿಯಿಂದ ಓಣಿಗೆ ಬಿಸಿಲು ತಡೆಯಲು ಕಟ್ಟುವ ದಪ್ಪ ಬಟ್ಟೆ ಅದು, ಹೂವಿಲ್ಲ, ಅಂಚಿಲ್ಲ. ಹೋದ ವರ್ಷ ಊರಿನ ಕಾರುಬಾರು ನೋಡುವ ಊರಕೂಟದ ಹಿರಿಯರು ಅವಳ ಮನೆಗೆ ಬಂದು, ಈ ಮಗ್ಗವನ್ನು ಬಿಚ್ಚಿ ನೆರಳುಬಟ್ಟೆಯ ಮಗ್ಗ ಮಾಡುತ್ತೇವೆ ಎಂದರು. ಅವಳಿಗೆ ಅವಳ ಅವ್ವ ಕಲಿಸಿದ ಒಂದೆರಡು ಪಟ್ಟೆಗಳನ್ನು ಬಿಟ್ಟು ಹಳೆಯ ಹೂವು ಯಾವುದೂ ಗೊತ್ತಿಲ್ಲ, ಹೂವಿಲ್ಲದ ಮೇಲೆ ಹೂಮಗ್ಗ ಯಾಕೆ ಎಂಬುದು ಅವರ ವಾದ. ಅವಳು ಜಗಳ ಕಾದು ಜೋಳದ ಸುಗ್ಗಿಯವರೆಗೆ ಗಡುವು ಪಡೆದಳು. ಅಷ್ಟರೊಳಗೆ ಹೆಸರಿರುವ ಒಂದು ಹಳೆಯ ಖಣ ನೇಯ್ದು ತೋರಿಸಿದರೆ ಮಗ್ಗ ಉಳಿಯುತ್ತದೆ. ಊರಿನ ರೇಷ್ಮೆಯಲ್ಲಿ ಅವಳ ಪಾಲಿಗೆ ಬಂದದ್ದು ಒಂದೇ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ಎಳೆಗಳು ಒಂದು ಸಲಕ್ಕಾಗುವಷ್ಟು. ಆ ಹಾಸಿನ ಎಳೆಗಳನ್ನು ಮಗ್ಗಕ್ಕೆ ಕಟ್ಟಿ ಅವಳು ನೇರ ನನ್ನ ಬಾಗಿಲಿಗೆ ಬಂದು ನಿಂತಳು. ‘ನಿನ್ನ ಹಳೇ ಕಡತದಾಗ ಎಲ್ಲ್ಯಾರ ಒಂದು ಖಣ ಐತೇನ ಹುಡುಕು, ತೋಟವ್ವಾ. ಈ ಮಗ್ಗಾ ಹ್ವಾದ್ರ ನಾನೂ ಹ್ವಾದಂಗ’ ಎಂದಳು. ಅವಳು ಹಾಗೆ ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹುಡುಕಿದೆ. ನಿಮ್ಮ ಕಡತ ಸಿಕ್ಕಿತು.

ಎಂಥ ಪುಟ ಮಾಡಿದೆವು ಅಂತೀರಿ. ತಲೆಬರಹಕ್ಕೆ ಉಬ್ಬಿದ ಅಕ್ಷರ, ನಿಮ್ಮ ಅತ್ತೆಯ ಹೆಸರಿಗೆ ಕುಂಕುಮದ ಬಣ್ಣ, ನಕ್ಷತ್ರಗಳ ಸಾಲುಗಳೆಲ್ಲ ಎರಡೂ ಅಂಚಿಗೆ ದಾರ ಹಿಡಿದಷ್ಟು ನೇರ, ಮೇಲೊಂದು ಕೆಳಗೊಂದು ಮೂರೆಸಳಿನ ಚಿತ್ತಾರ. ಅಚ್ಚಿನ ಮನೆಯವರು ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿಕೊಂಡರು. ಫಕೀರವ್ವ ಪುಟವನ್ನು ಮಗ್ಗದ ಮುಂದೆ ಸಿಕ್ಕಿಸಿ ನೇಯಲು ಕೂತಳು. ಪುಟದಲ್ಲಿ ಎಳೆಗಳ ಲೆಕ್ಕ ಕಡಿಮೆ ಬಿದ್ದಲ್ಲಿ, ಪುಟಮನೆಯವರು ತಪ್ಪು ಮಾಡುತ್ತಾರೆಯೇ ಎಂದು ಉಳಿದ ಎಳೆಗಳನ್ನು ಕೆಳಗೇ ಬಿಟ್ಟು ಮುಂದೆ ಹೋದಳು. ಒಂದು ಗೇಣು ನೇಯ್ದ ಮೇಲೆ ನೋಡಿದರೆ ಬಟ್ಟೆಯ ಮೇಲೆ ತೊಟ್ಟಿಲೂ ಇಲ್ಲ, ಹೂವೂ ಇಲ್ಲ, ಅಂಗಳದಲ್ಲಿ ಅಕ್ಕಿ ಚೆಲ್ಲಿದ ಹಾಗಿತ್ತು.

ಅವಳು ಪುಟವನ್ನು ಕಿತ್ತುಕೊಂಡು ಬಂದು ನನ್ನ ಮೇಜಿನ ಮೇಲೆ ಒಗೆದಳು. ‘ಇದೇನ ಪುಟಾ ಮಾಡೀದಿಯೋ, ಹಿಟ್ಟ ಕಲಸೀದಿಯೋ? ಒಂದ ಸಾಲಿಗೆ ಒಂದ ಲೆಕ್ಕ, ಇನ್ನೊಂದ ಸಾಲಿಗೆ ಇನ್ನೊಂದ ಲೆಕ್ಕ. ನನ್ನ ಮಗ್ಗ ಸಾಲಿಗೊಂದ ಅಗಲ ಆಗತೈತೇನ?’ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ‘ನೇಯಾಕ ಬರಲಿಲ್ಲಂದ್ರ ಬರಲಿಲ್ಲ ಅನ್ನು. ನಮ್ಮ ಪುಟಕ್ಕ ಹೆಸರಿಡಬ್ಯಾಡ’ ಎಂದೆ. ಮಾತಿಗೆ ಮಾತು ಬೆಳೆಯಿತು. ಓಣಿಯ ಜನ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ಅವರೆಲ್ಲರ ಮುಂದೆ ಅವಳ ಬಾಯಿ ಮುಚ್ಚಿಸಬೇಕೆಂದು ನಾನು ಮೂಲಪ್ರತಿಯನ್ನೇ ತೆರೆಸಿದೆ. ನಿಮ್ಮ ಬರಹದಲ್ಲಿ ಹೇಗಿದೆಯೋ ನಮ್ಮ ಪುಟದಲ್ಲೂ ಹಾಗೆಯೇ ಇದೆ, ನೋಡಿಕೊಳ್ಳಲಿ ಎಂಬ ಧಿಮಾಕು ನನಗೆ.

ತೋರುಹಲಗೆ ಬೆಳಗಿತು. ಗುಡಿಸದ ಬರಹಕ್ಕೆ ಅದು ಹಳೆಯ ಒಂದೇ ಅಳತೆಯ ಅಕ್ಷರಗಳನ್ನು ಬಳಸುತ್ತದೆ. ಪ್ರತಿ ಗುರುತಿಗೂ, ಪ್ರತಿ ಖಾಲಿಗೂ ಒಂದೇ ಅಗಲದ ಜಾಗ. ಅಲ್ಲಿ, ಮೂರು ಓರೆಗೆರೆಗಳ ಕೆಳಗೆ, ಮತ್ತೆ ಬರುವ ಮೂರು ಓರೆಗೆರೆಗಳ ಮೇಲೆ, ತೊಟ್ಟಿಲು ಇತ್ತು. ನಾಲ್ಕು ಕಾಲು, ತೂಗುವ ಹಗ್ಗ, ಒಳಗೆ ಮಲಗಿದ ಹೂವು. ನಕ್ಷತ್ರಗಳಿಂದ ಎಷ್ಟೋ, ಅವುಗಳ ನಡುವಿನ ಖಾಲಿಯಿಂದಲೂ ಅಷ್ಟೇ ಆ ಚಿತ್ರ ಆಗಿತ್ತು. ನಮ್ಮ ಗುಡಿಸುಗ ಆ ಖಾಲಿಯನ್ನೆಲ್ಲ ಕಸವೆಂದು ಗುಡಿಸಿ ಹಾಕಿತ್ತು. ಓಣಿಯ ಜನ ಹೊಸ್ತಿಲು ದಾಟಿ ಒಳಗೆ ಬಂದರು. ಫಕೀರವ್ವ ನನ್ನನ್ನು ಬೈಯುವುದನ್ನೂ ಮರೆತು ಹಲಗೆಯ ಹತ್ತಿರ ಹೋಗಿ, ತೊಟ್ಟಿಲೊಳಗಿನ ಹೂವಿನ ಮೇಲೆ ಬೆರಳಿಟ್ಟು, ‘ಇಲ್ಲೇ ಕುಂತಾಳಲ್ಲ ನಮ್ಮವ್ವ’ ಎಂದಳು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಆಮೇಲೆ ನಾವು ಸುಮ್ಮನೆ ಕೂರಲಿಲ್ಲ. ಮೂರು ಓರೆಗೆರೆ ಇರುವ ಬೇರೆ ಮೂಲಪ್ರತಿಗಳನ್ನೆಲ್ಲ ತೆಗೆದು ಹರಡಿದೆವು. ಒಂದರಲ್ಲಿ ಮನೆಯ ನಕ್ಷೆ, ಒಂದರಲ್ಲಿ ರೈಲಿನ ವೇಳಾಪಟ್ಟಿ, ಒಂದರಲ್ಲಿ ಯಾರೋ ಮೊಮ್ಮಗಳಿಗಾಗಿ ಬರೆದುಕೊಟ್ಟ ರಂಗೋಲಿಯ ಚುಕ್ಕಿಗಳು. ಎಲ್ಲದರಲ್ಲೂ ಗೆರೆಗಳ ನಡುವಿನ ಖಾಲಿಗೆ ಬೆಲೆ ಇತ್ತು. ಆಗ ತಿಳಿಯಿತು. ಅದು ಅಂದದ ಗುರುತಲ್ಲ, ಬೇಲಿ. ಇದರೊಳಗಿನದನ್ನು ಇದ್ದ ಹಾಗೆ ಬಿಡಿ, ಕೈ ಹಚ್ಚಬೇಡಿ ಎಂದು ನೀವು ಕಟ್ಟಿದ ಬೇಲಿ. ನಾವು ತಲೆತಲಾಂತರದಿಂದ ಆ ಬೇಲಿಯನ್ನು ಕಿತ್ತು ಬಾಗಿಲಿಗೆ ತೋರಣ ಮಾಡಿಕೊಂಡು, ಒಳಗಿನ ಬೆಳೆಯನ್ನು ಅಚ್ಚುಕಟ್ಟಾಗಿ ಗುಡಿಸುತ್ತ ಬಂದಿದ್ದೆವು.

ಕೆಟ್ಟ ಗೇಣುದ್ದದ ಬಟ್ಟೆಯನ್ನು ಬಿಚ್ಚಬೇಕಿತ್ತು. ಅಡ್ಡಕ್ಕೆ ಹಾಯ್ದ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯಬೇಕು, ಹಾಸಿನ ಎಳೆ ಒಂದೂ ಹರಿಯಬಾರದು. ಹರಿದರೆ ಇನ್ನೊಂದು ಹಾಸಿಲ್ಲ, ಸುಗ್ಗಿಗೆ ಮುಂಚೆ ಸಿಗುವುದೂ ಇಲ್ಲ. ಪುಟಮನೆಗೆ ಬೀಗ ಹಾಕಿ ನಾವೆಲ್ಲರೂ ಫಕೀರವ್ವನ ಮಗ್ಗದ ಸುತ್ತ ಕೂತು ಬಿಚ್ಚಿದೆವು. ಒತ್ತಕ್ಷರದ ಕಾಲು ತಾಗದಂತೆ ಸಾಲು ಕೂರಿಸುವ ಬೆರಳುಗಳು ಅಲ್ಲಿಯೂ ಮಾನ ಉಳಿಸಿಕೊಂಡವು. ಅವಳು ಹಿಂದೆ ನಿಂತು, ‘ಮೆಲ್ಲಕ, ಅದು ರೇಷ್ಮಿ, ನಿಮ್ಮ ಕಾಗದಲ್ಲ’ ಎಂದು ಗದರುತ್ತಲೇ ಇದ್ದಳು. ನನ್ನ ಕುತ್ತಿಗೆ ಹಿಡಿದುಕೊಂಡು ಎರಡು ದಿನ ತಿರುಗಲಿಲ್ಲ. ಹಾಸು ಉಳಿಯಿತು.

ಅಷ್ಟರಲ್ಲಿ ನಿಮ್ಮ ಪುಟವನ್ನು ಮತ್ತೆ ಕಟ್ಟಿದೆವು. ಗುಡಿಸುಗನಿಗೆ ಹೊಸ ಕಟ್ಟಳೆ ಕಲಿಸಿದೆವು: ಮೂರು ಓರೆಗೆರೆ ಕಂಡರೆ ಪೊರಕೆ ಕೆಳಗಿಡು, ಮತ್ತೆ ಮೂರು ಕಂಡ ಮೇಲೆ ಎತ್ತಿಕೋ. ಒಂದೇ ಅಳತೆಯ ಅಕ್ಷರಗಳನ್ನು ಪುಟದೊಳಗೆ ಹುದುಗಿಸಿದೆವು. ಸಾಲು ಅಗಲ ಸಾಲದೆ ಮುರಿಯುತ್ತಿತ್ತು, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿದೆವು. ಅಚ್ಚಿಗೆ ಹೋಗುವ ಮುಂಚೆ ನಾನೇ ಮೂಲಪ್ರತಿಯ ಪಕ್ಕದಲ್ಲಿ ಕಟ್ಟುಪುಟವಿಟ್ಟು ಖಾಲಿಗಳನ್ನು ಎಣಿಸಿದೆ. ಅಕ್ಷರ ಎಣಿಸಿದವರನ್ನು ನೋಡಿದ್ದೇನೆ, ಖಾಲಿ ಎಣಿಸಿದವಳು ನಾನೊಬ್ಬಳೇ ಇರಬೇಕು. ಮೊದಲಿನ ಪುಟದಷ್ಟು ಚೆಂದ ಇದಿರಲಿಲ್ಲ. ಅಂಚು ಅಲ್ಲಲ್ಲಿ ಹಲ್ಲು ಬಿದ್ದಂತಿತ್ತು. ನನ್ನ ಕೈಯಿಂದ ಹೋದ ಪುಟಗಳಲ್ಲಿ ನನಗೆ ಅತಿ ಹೆಮ್ಮೆಯದು ಇದೇ.

ಸುಗ್ಗಿಗೆ ಊರಕೂಟ ಸೇರಿತು. ಫಕೀರವ್ವ ಖಣವನ್ನು ಬಿಚ್ಚಿ ಹಿರಿಯರ ತೊಡೆಯ ಮೇಲೆ ಹಾಸಿದಳು. ಕಡುನೀಲಿಯ ಮೇಲೆ ಬೆಳ್ಳನೆಯ ತೊಟ್ಟಿಲುಗಳು, ಪ್ರತಿ ತೊಟ್ಟಿಲಲ್ಲಿ ಒಂದು ಹೂವು. ಮಗ್ಗ ಬಿಚ್ಚಬೇಕೆಂದು ಹೇಳಿದ್ದ ಹಿರಿಯರೇ ಅದರ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತರು. ‘ಇದನ್ನ ಯಾರು ಕಲಿಸಿದ್ರವ್ವಾ ನಿನಗ?’ ಎಂದು ಕೇಳಿದರು. ‘ಬಾಳವ್ವ’ ಎಂದಳು. ‘ಯಾವ ಓಣಿಯಾಕಿ?’ ಎಂದರು. ‘ಐನೂರ ವರ್ಷದ ಹಿಂದಿನ ಓಣಿಯಾಕಿ. ಆಕಿ ಸೊಸಿ ಬರದಿಟ್ಟಿದ್ಲು. ಈ ತೋಟವ್ವ ಮೊದಲ ಕೆಡಿಸಿ, ಆಮ್ಯಾಲ ನೆಟ್ಟಗ ಮಾಡಿದ್ಲು’ ಎಂದಳು ಫಕೀರವ್ವ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಮಗ್ಗ ಉಳಿಯಿತು. ಈಗ ಅದರ ಪಕ್ಕದಲ್ಲಿ ಇನ್ನೊಂದನ್ನು ಹೂಡುವ ಮಾತು ನಡೆದಿದೆ.

ನಮ್ಮ ಬಾಗಿಲ ಮೇಲಿನ ಲಾಂಛನವನ್ನು ತೆಗೆಸಬೇಕೆಂದು ಕೆಲವರು ಅಂದರು. ನಾನು ಒಪ್ಪಲಿಲ್ಲ. ಅರ್ಥ ತಿಳಿಯದೆ ಇಷ್ಟು ಕಾಲ ಹೊತ್ತವರು ಅರ್ಥ ತಿಳಿದ ಮೇಲೆ ಇಳಿಸುವುದೇ? ಹಳೆಯ ಪುಸ್ತಕಗಳನ್ನೆಲ್ಲ ಮೂಲಪ್ರತಿಯಿಂದ ಮತ್ತೆ ಕಟ್ಟಲು ಶುರುಮಾಡಿದ್ದೇವೆ. ನನ್ನ ಆಯುಸ್ಸಿನಲ್ಲಿ ಮುಗಿಯುವ ಕೆಲಸವಲ್ಲ, ಮುಗಿಸುವವರು ಇದ್ದಾರೆ. ನಿಮ್ಮ ಕಡತವನ್ನು ಪುಸ್ತಕ ಮಾಡಿ, ಅದರಲ್ಲಿರುವ ಹೂವನ್ನೇ ನೇಯ್ದ ಖಣದ ಚೂರನ್ನು ಅದರ ರಟ್ಟಿಗೆ ಹೊದಿಸಿದ್ದೇವೆ.

ಆದರೆ ವಿಶಾಲಾಕ್ಷಿಯವರೇ, ಆ ಪುಸ್ತಕ ಮುಗಿದಿಲ್ಲ. ನಾನು ಪತ್ರ ಬರೆಯಲು ಕೂತಿರುವುದು ಅದಕ್ಕಾಗಿಯೇ. ನಿಮ್ಮ ಕಡತದ ಕೊನೆಯಲ್ಲಿ ಹೀಗಿದೆ: ‘ಅತ್ತೆಗೆ ಇನ್ನೊಂದು ಹೂವು ನೆನಪಿದೆಯಂತೆ. ಅವಳ ಅವ್ವ ನೇಯುತ್ತಿದ್ದಳಂತೆ, ಇದಕ್ಕಿಂತ ಚೆಂದ ಅಂತಾಳೆ. ನಾಳೆ ಕೂತು ಬರೀಬೇಕು.’ ಅದರ ಕೆಳಗೆ ಮೂರು ಓರೆಗೆರೆ. ಅದರ ಕೆಳಗೆ ಏನೂ ಇಲ್ಲ. ಬೇಲಿ ತೆರೆದಿದ್ದೀರಿ, ಮುಚ್ಚಿಲ್ಲ.

ನಿಮ್ಮ ನಾಳೆ ಏನಾಯಿತೋ ನನಗೆ ಗೊತ್ತಿಲ್ಲ. ಮನೆಗೆ ಯಾರಾದರೂ ಬಂದಿರಬಹುದು, ಕರೆಂಟು ಹೋಗಿರಬಹುದು, ಅತ್ತೆಗೆ ಜ್ವರ ಬಂದಿರಬಹುದು. ನಿಮ್ಮನ್ನು ದೂರುತ್ತಿಲ್ಲ. ಕಳಿಸುವವರನ್ನು ಕಾಡಿ ಬೇಡಿ, ಈ ಪತ್ರ ಆ ದಿನದ ಬೆಳಿಗ್ಗೆಯೇ ನಿಮ್ಮ ಕೈ ಸೇರುವಂತೆ ಮಾಡಿದ್ದೇನೆ. ಓದಿ ಮುಗಿದ ಕೂಡಲೇ ಎದ್ದು ಅತ್ತೆಯ ಬಳಿಗೆ ಹೋಗಿ. ಚಹಾ ಆಮೇಲೆ ಕುಡಿಯಬಹುದು. ಅವರು ಹೇಳಿದ ಹಾಗೆ, ನಕ್ಷತ್ರವಿದ್ದಲ್ಲಿ ನಕ್ಷತ್ರ, ಖಾಲಿ ಇದ್ದಲ್ಲಿ ಖಾಲಿ. ಅಂದ ಮಾಡಲು ಹೋಗಬೇಡಿ, ಅದು ನಮ್ಮ ಕೆಲಸ, ನಾವು ಈಗ ಅದನ್ನು ಸರಿಯಾಗಿ ಕಲಿತಿದ್ದೇವೆ.

ತೆರೆದ ಬೇಲಿಯೊಳಗೆ ಕೈ ಹಚ್ಚಬಾರದು ಎಂಬುದು ಈಗ ನಮ್ಮ ಮನೆಯ ಕಟ್ಟಳೆ. ಆದ್ದರಿಂದ ಪುಸ್ತಕದ ಕೊನೆಯ ಹಾಳೆಯ ತಲೆಯಲ್ಲಿ ನಿಮ್ಮ ಮೂರು ಓರೆಗೆರೆಗಳನ್ನು ಅಚ್ಚು ಹಾಕಿ, ಕೆಳಗೆ ಪೂರ್ತಿ ಖಾಲಿ ಬಿಟ್ಟಿದ್ದೇವೆ. ಫಕೀರವ್ವ ಹೊಸ ಹಾಸು ಕಟ್ಟಿಕೊಂಡು ಕೂತಿದ್ದಾಳೆ. ಅಂದು ನೀವು ಬರೆದರೆ ಇಂದು ನಮ್ಮ ಮೂಲಪ್ರತಿಯಲ್ಲೂ ಅದು ಮೂಡುತ್ತದೆ ಎಂದು ಕಳಿಸುವವರು ಹೇಳಿದಂದಿನಿಂದ, ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು, ‘ಬಂತೇನ?’ ಎಂದು ಕೇಳುತ್ತಾಳೆ. ನಾನು ಮೂಲಪ್ರತಿಯನ್ನು ತೆರೆದು ನೋಡಿ, ಇನ್ನೂ ಇಲ್ಲ ಎನ್ನುತ್ತೇನೆ. ನಾಳೆಯೂ ತೆರೆದು ನೋಡುತ್ತೇನೆ. ಮುಚ್ಚುವ ಮೂರು ಗೆರೆಗಳನ್ನು ನೀವೇ ಹಾಕಬೇಕು.

ಇಂತು,
ತೋಟವ್ವ ಪುಟಮನಿ